ಕಡೀ ರೀಲು ಇಲ್ಲದ ಪಿಕ್ಚರು

ಹೆಣ್ಮಕ್ಕಳ ಬಾಗಲಕ್ಕ ನಿಂದ್ರೂ ಕೆಲಸಕ್ಕ ಬಂದಿರೂ ಹುಡುಗ್ಯಾರಿಗೆ ಇದನ್ನ ಬರೀತೇನಿ. ಹಾನಗಲ್ಲಿನ ಈ ಹೊಸ ಥೇಟರಿನ್ಯಾಗ ನಿಮ್ಮ ಕೆಲಸ ಏನು? ತಿಕೀಟು ಹರಿಯೂದು, ಬ್ಯಾಟರಿ ಹಿಡದು ಖುರ್ಚಿ ತೋರಸೂದು. ಮೊನ್ನೆ ನಿಮ್ಮೊಳಗ ಒಬ್ಬಾಕಿ ಕೇಳಿದ್ಲು, "ಅಜ್ಜಿ, ನಿಮ್ಮ ಕಾಲದಾಗ ಭಾಳ ಮಜಾ ಇತ್ತಂತಲ್ಲ?" ಅಂತ. ಇತ್ತವ್ವಾ. ಮಜಾನೂ ಇತ್ತು, ಮಣ್ಣೂ ಇತ್ತು. ನಾನು ಕನ್ನಡ ಸಾಲಿ ನಾಕನೇತ್ತ ಮುಗಿಸಿದಾಕಿ, ಬರಿಯಾಕ ಬರ್ತೈತಿ. ಪಗಾರ ಎಷ್ಟಿತ್ತು, ಯಾವಾಗ ಹೆಚ್ಚಾತು ಅಂತೆಲ್ಲಾ ಬರಿಯಾಂಗಿಲ್ಲ. ಅದರಾಗ ಹೇಳೂವಂಥಾದ್ದು ಏನೂ ಇಲ್ಲ.

ನನ್ನ ಹೆಸರು ನೀಲವ್ವ, ಹುಟ್ಟಿದ್ದು ಸವಣೂರಾಗ. ಲಗ್ನಾಗಿ ವರ್ಷ ತುಂಬೂದ್ರಾಗ ಗಂಡ ಕಾಲರಾದಾಗ ಹೋದ. ತವರ್ಮನಿಗೆ ಬಂದು ಬಿದ್ದೆ. ನಮ್ಮ ಓಣ್ಯಾಗ ಅರ್ಧಕ್ಕರ್ಧ ಮುಸಲ್ಮಾನರ ಮನಿ, ಅವರ ಹುಡುಗ್ಯಾರ ಕೂಡ ಆಡಿ ಬೆಳದಾಕಿ ನಾನು, ಉರ್ದು ನೀರು ಕುಡದಂಗ ಬರ್ತಿತ್ತು. ಅದ ನನಗ ಅನ್ನ ಹಾಕಿತು. ಟೂರಿಂಗ್ ಟಾಕೀಸಿನ ಮಾಲಕ ರಾಚಪ್ಪನವರು ಸವಣೂರಾಗ ಡೇರೆ ಹೊಡದಾಗ, ಉರ್ದು ತಿಳಿಯೂ, ಬಾಯಿ ಇರೂ, ಯಾಕ ಹೊಂಟೀ ಅಂತ ಕೇಳಾಕ ಯಾರೂ ಇಲ್ಲದ ಹೆಣಮಗಳು ಬೇಕು ಅಂತ ಹುಡುಕಾಕತ್ತಿದ್ರು. ಮೂರೂ ನನ್ನ ಕಡೆ ಇದ್ದುವು.

ಡೇರೆಯೊಳಗ ನಟ್ಟನಡುವ ಒಂದು ತಾಡಪತ್ರಿ ಇಳೇ ಬಿಡ್ತಿದ್ರು. ಆ ಕಡೆ ಗಂಡಸರು, ಈ ಕಡೆ ಹೆಣ್ಮಕ್ಕಳು. ಮುಂದಿನ ಬಿಳೇ ಪಡದೆ ಎರಡೂ ಕಡೆಯವರಿಗೆ ಒಂದ. ಮಷೀನೂ ಒಂದ ಇತ್ತು. ಒಂದು ರೀಲು ಮುಗದ ಮ್ಯಾಲ ಅದನ್ನ ಬಿಚ್ಚಿ ಇನ್ನೊಂದು ಹಚ್ಚೂ ತನಕ ದೀಪಾ ಹತ್ತಸ್ತಿದ್ರು. ಪಿಕ್ಚರು ಹಿಂದಿ ಮಾತಿಂದು, ನಮ್ಮ ರೈತಾಪಿ ಮಂದಿಗೆ ಏನು ತಿಳೀಬೇಕು? ಅದಕ್ಕ ಆ ದೀಪದ ಹೊತ್ತಿನ್ಯಾಗ ಕಥಿ ಹೇಳಾವ್ರು ಬೇಕು. ಮೂಕಿ ಪಿಕ್ಚರಿನ ಕಾಲದಾಗಾದ್ರ ಸುರುವಿಂದ ಕಡೀತನಕ ಒದರಬೇಕಾಗ್ತಿತ್ತಂತ. ಮಾತು ಬಂದ ಮ್ಯಾಲ ನಮಗ ಉಳದದ್ದು ಆ ದೀಪದ ಹೊತ್ತು ಅಷ್ಟ. ಗಂಡಸರ ಕಡೆ ಗುರುಸಿದ್ದಪ್ಪ ಅಂತ, ನಾಟಕ ಕಂಪನಿ ಬಿಟ್ಟು ಬಂದಾಂವ, ಸ್ಟೂಲಿನ ಮ್ಯಾಲ ನಿಂತು ಹೇಳ್ತಿದ್ದ. ಈ ಕಡೆ ನಾನು. ಕೂಸು ಅಳತಾವ, ಮುದುಕ್ಯಾರು "ಯವ್ವಾ, ಆಕಿ ಯಾರು? ಅತ್ತೇನು?" ಅಂತಾರ. ಅದರಾಗ ಹೇಳಬೇಕು.

ಹಿರೇಕೆರೂರಾಗ ಒಮ್ಮೆ ಮಷೀನಿನಾಂವ ರೀಲು ಹಿಂದ-ಮುಂದ ಹಚ್ಚಿಬಿಟ್ಟ. ಸತ್ತು ಸುಟ್ಟು ಬೂದಿ ಆದ ಗಂಡು, ಮುಂದಿನ ರೀಲಿನ್ಯಾಗ ಬಾಸಿಂಗ ಕಟಗೊಂಡು ಕುದರಿ ಮ್ಯಾಲ ಬಂದ. ಡೇರೆ ತುಂಬ ಗದ್ದಲ. ಗುರುಸಿದ್ದಪ್ಪ ಆ ಕಡೆ "ಇಂವ ಸತ್ತಾವನ ಅವಳಿ ತಮ್ಮ" ಅಂದುಬಿಟ್ಟ. ನಾ ಈ ಕಡೆ "ಆಕಿ ಹಳೇದ ನೆನಸಾಕತ್ತಾಳ" ಅಂದೆ. ಮರುದಿನ ಹೊಂಡದ ದಂಡೀಗೆ ಅದ ಜಗಳ: ತಮ್ಮ ಅಂತ ಗಂಡಸರು, ನೆನಪು ಅಂತ ಹೆಂಡರು. ಒಂದ ಡೇರೆಯೊಳಗ ಕುಂತು ಎರಡು ಪಿಕ್ಚರ್ ನೋಡಿ ಬಂದಿದ್ರು. ಮಾಲಕರು ಹೊಟ್ಟಿ ಹಿಡಕೊಂಡು ನಕ್ಕರು. ನಾನೂ ನಕ್ಕೆ. ಈಗ ನಗು ಬರಂಗಿಲ್ಲ, ಯಾಕಂದ್ರ ಹಂತಾದ್ದ ಸವಣೂರಾಗ ಮತ್ತೊಮ್ಮೆ ಆತು, ಅದು ನಗೂವಂಥಾದ್ದು ಆಗಿರಲಿಲ್ಲ.

ಆವಾಗ ಯುದ್ಧ ನಡದಿತ್ತು. ಸುಗ್ಗಿ ಮುಗದ ಮ್ಯಾಲ ಡೇರೆ ನಮ್ಮೂರಿಗೆ ಬಂತು. ಪಿಕ್ಚರಿನಾಕಿ ಅಂತ ಅತ್ತಿಗಿ ನನ್ನನ್ನ ತವರ್ಮನಿ ಹೊಚ್ಚಲಾ ದಾಟಸಗೊಡಲಿಲ್ಲ. ಊರ ಹೊರಗ ಎಲಿ ಸಾವಕಾರ, ಅಂದ್ರ ವೀಳ್ಯದೆಲಿ ಪೆಂಡಿ ಕಟ್ಟಿಸಿ ಯಲವಿಗಿ ಸ್ಟೇಶನ್ನಿನಿಂದ ರೈಲಿಗೆ ಹಾಕಸ್ತಿದ್ದ ವ್ಯಾಪಾರಸ್ಥ, ತನ್ನ ಅಂಗಡಿ ಮಂದಿಗೆ ಹಂಚಿನ ಮನಿ ಸಾಲು ಕಟ್ಟಿಸಿದ್ದ. ಅದರಾಗ ಒಂದು ಖೋಲಿ ನನಗ ಸಿಕ್ಕಿತು. ಒಂದ ನಮೂನಿ ಬಾಗಲಾ, ಒಂದ ನಮೂನಿ ಕಟ್ಟಿ. ಊರಿನ ಗದ್ದಲ ಇಲ್ಲ, ಊರಿನ ಆಸರಾನೂ ಇಲ್ಲ. ಒಂದು ಮನ್ಯಾಗ ಸೌಟು ಬಿದ್ರ ಬಾಜೂ ಮನಿಗೆ ಕೇಳ್ತಿತ್ತು.

ನನ್ನ ಗ್ವಾಡಿ ಆ ಕಡೆ ಇದ್ದಾಕಿ ಗಿರಿಜಾ. ಗಂಡ ಚನ್ನಪ್ಪ, ಸಾವಕಾರನ ಅಂಗಡ್ಯಾಗ ದಿವಾನಜಿ, ಬರಕೊಳ್ಳೂ ಕೆಲಸ. ಮಕ್ಕಳಿರಲಿಲ್ಲ. ಚನ್ನಪ್ಪನ ಕೈಯಾಗ ಚಿತ್ರ ಇತ್ತು. ನಮ್ಮ ಡೇರೆ ಮುಂದಿನ ಬೋರ್ಡು ಅವರ ಬರದುಕೊಡ್ತಿದ್ರು. ಬೋರ್ಡಿನ ಮ್ಯಾಲಿನ ಹೆಣ್ಣು ನಿಂತು ನಿಮ್ಮನ್ನ ನೋಡಿದಂಗ ಆಗ್ತಿತ್ತು, ಅಂಥಾ ಕಣ್ಣು ತೆಗೀತಿದ್ರು. ಅದಕ್ಕ ಗಂಡ-ಹೆಂಡತಿ ಇಬ್ಬರಿಗೂ ತಿಕೀಟು ಇರಲಿಲ್ಲ. ಗಿರಿಜಾ ಹಿರೇಕೆರೂರಿನ ಮಗಳು. ನೋಡಾಕ ಬಂದಾಗ ಚನ್ನಪ್ಪ ಆಕಿ ಹಾಡು ಕೇಳಿ, "ನಾವು ಮುಂಬೈಗೆ ಹೋಗೂಣು. ನೀ ಗ್ರಾಮಫೋನ್ ಪ್ಲೇಟಿಗೆ ಹಾಡು, ನಾ ಪಿಕ್ಚರ್ ಕಂಪನ್ಯಾಗ ಪಡದೆ ಬರೀತೇನಿ" ಅಂದಿದ್ರಂತ. ಎಲ್ಲಾರ ಮುಂದ ಅಲ್ಲ, ನೀರು ಕೊಡಾಕ ಬಂದಾಗ ಸಣ್ಣಗ ಹೇಳಿದ್ರಂತ. ಆ ಒಂದು ಮಾತಿನ ಮ್ಯಾಲ ಆಕಿ ಲಗ್ನ ಆಗಿದ್ಲು.

"ಒಂದು ವರ್ಷ ಮಾವನ ಜಡ್ಡು ಅಂದ್ರು. ಒಂದು ವರ್ಷ ಎಲಿ ಹಂಗಾಮು ಮುಗೀಲಿ ಅಂದ್ರು. ಈ ವರ್ಷ ಮಾತ್ರ ಖರೇ, ನೀಲಕ್ಕ. ಟ್ರಂಕ್ ತಂದಾರ" ಅಂತ ನನ್ನ ಮುಂದ ಹೇಳಿದ್ಲು. ಆ ದಿನಗಳಾಗ ಆಕಿ ರೊಟ್ಟಿ ಬಡಿಯೂಮುಂದನೂ ಹಾಡತಿದ್ಲು. ನಾ ಗ್ವಾಡಿಗೆ ಬೆನ್ನು ಹಚ್ಚಿ ಕುಂತು ಕೇಳ್ತಿದ್ದೆ. ಎಂಥಾ ದನಿ ಅಂತೀರಿ. ನನ್ನ ಗಂಡ ಸತ್ತ ಮ್ಯಾಲ ನಾ ಮನಸು ಬಿಚ್ಚಿ ಅತ್ತದ್ದು ಆಕಿ ದನಿ ಕೇಳಿದಾಗ ಅಷ್ಟ.

ಅಷ್ಟರಾಗ ಸಾವಕಾರ ಚನ್ನಪ್ಪಗ ದೊಡ್ಡ ದಿವಾನಜಿ ಪದವಿ ಕೊಟ್ಟ. ಸಾಲಿನ ತುದಿಗೆ ಇದ್ದ ಬಾವಿ ಮನಿ ಕೊಡ್ತೇನಿ ಅಂದ. ಚನ್ನಪ್ಪ ಒಪ್ಪಿಕೊಂಡು ಬಂದು ಹೆಂಡತಿಗೆ ಹೇಳಲಿಲ್ಲ. ಆಕಿಗೆ ಗೊತ್ತಾದದ್ದು ಸಾವಕಾರನ ಹೆಂಡತಿ ಬಾಯಿಂದ. ಅವತ್ತು ಸಂಜಿಮುಂದ ನಾನು ಡೇರೆಗೆ ಹೊಂಟಾಗ ಗ್ವಾಡಿ ಆ ಕಡೆ ಮಾತು ಸುರುವಾತು.

"ನಾ ಬ್ಯಾಡ ಅಂದ್ನೇನು? ಮುಂದಿನ ವರ್ಷ ಅಂದೆ" ಅಂದ್ರು ಚನ್ನಪ್ಪ.

"ಮುಂದಿನ ವರ್ಷಕ್ಕ ನನ್ನ ದನಿ ಹಿಂಗ ಇರ್ತೈತೇನ್ರಿ?"

"ಮುಂಬೈಯಾಗ ನನಗಿಂತ ಚಲೋ ಕೈ ಇದ್ದಾವ್ರು ಗ್ವಾಡಿಗೆ ಸುಣ್ಣಾ ಹಚ್ಚಾಕತ್ತಾರಂತ, ಗಿರಿಜಾ. ಇಲ್ಲಿ ನಾ ಚಲೋ ಚಿತ್ರಗಾರ. ಅಲ್ಲಿ ಹೋದ್ರ ಏನೂ ಅಲ್ಲ ಅಂತ ಗೊತ್ತಾಗ್ತೈತಿ. ನನಗ ಅಂಜಿಕಿ ಬರ್ತೈತಿ."

ಗಿರಿಜಾ ಅಂದ್ಲು, "ಇದನ್ನ ನೀರು ಕೊಡಾಕ ಬಂದಾಗ ಹೇಳಬೇಕಿತ್ರಿ."

ಚನ್ನಪ್ಪ ಕೆಟ್ಟ ಮನಶಾ ಅಲ್ಲ. ಕುಡೀತಿರಲಿಲ್ಲ, ಹೊಡೀತಿರಲಿಲ್ಲ. ಅಂಜುಬುರಕ ಅಷ್ಟ. ಅಂಜುಬುರಕರ ಕೂಡ ಬಾಳೇ ಮಾಡೂದು ಕುಡುಕರ ಕೂಡ ಮಾಡೂದಕ್ಕಿಂತ ತ್ರಾಸ, ಯಾಕಂದ್ರ ಬೈಯ್ಯಾಕ ಏನೂ ಸಿಗಂಗಿಲ್ಲ.

ಅದ ವಾರ ನಾ ಹೇಳಾಕ ಹೊಂಟ ಆ ಪಿಕ್ಚರು ಬಂತು. ಅದರಾಗ ಒಬ್ಬ ಆಫೀಸಿನಾಂವ, ಅವನ ಹೆಂಡತಿ. ದೊಡ್ಡ ಶಹರದ ಹೊರಗ ಒಂದ ನಮೂನಿ ಮನಿಗಳ ಸಾಲು, ಅದರಾಗ ಅವರ ಸಂಸಾರ. ಹೆಂಡತಿ ಹಾಡಾಕಿ. ದೂರದ ಊರಿಗೆ ಹೋಗೂಣು ಅಂತ ಅಂವ ಮಾತು ಕೊಟ್ಟಾನ, ಪಗಾರ ಹೆಚ್ಚಾದ ಕೂಡಲೇ ಮಾತು ತಿರುಗಿಸ್ತಾನ. ಗಿರಿಜಾನ ಬಾಳೇವನ್ನ ಯಾರೋ ಕದ್ದು ನೋಡಿ ತೆಗದಂಗಿತ್ತು. ಕಡೀಗೆ ಹೆಂಡತಿ ಒಂದು ಗಂಟು ಹಿಡಕೊಂಡು ಸ್ಟೇಶನ್ನಿನ ಕಟಗಿ ಬಾಕಿನ ಮ್ಯಾಲ ಕುಂಡರ್ತಾಳ, ಗಂಡ ಮನಿ ಬಿಟ್ಟು ರಸ್ತೇಕ ಬರ್ತಾನ. ಅಷ್ಟಕ್ಕ ನಮ್ಮ ಪಿಕ್ಚರು ಮುಗೀತಿತ್ತು. ಶಿವ-ಪಾರ್ವತಿ ಚಿತ್ರ ಇದ್ದ ಗಾಜಿನ ಸ್ಲೈಡು ಪಡದೆ ಮ್ಯಾಲ ಬಿಟ್ಟು ಮಂಗಳಾ ಮಾಡ್ತಿದ್ರು. ಉರ್ದು ಬಲ್ಲ ಹೆಣ್ಮಕ್ಕಳು "ಇಷ್ಟಕ್ಕ ಮುಗೀತೇನು?" ಅಂತ ಗೊಣಗ್ತಿದ್ರು.

ಹಿಂದಿನ ಊರು ಶಿಗ್ಗಾಂವಿಯೊಳಗ ಅದನ್ನ ಪೂರಾ ತೋರಿಸಿದ್ರಂತ. ಆವಾಗ ನಾನು ಚಳಿಜ್ವರ ಬಂದು ಮಲಗಿದ್ದೆ, ನೋಡಿರಲಿಲ್ಲ. ಮಾಲಕರು ನನಗ ಹೇಳಿದ್ದು ಇಷ್ಟ: "ಕಡೀ ರೀಲು ಕೆಟ್ಟೈತಿ, ಮಷೀನಿಗೆ ಹತ್ತಂಗಿಲ್ಲ. ಗಂಡ ಸ್ಟೇಶನ್ನಿಗೆ ಬರ್ತಾನ, ಇಬ್ಬರೂ ಕೂಡೇ ಗಾಡಿ ಹತ್ತತಾರ ಅಂತ ಹೇಳು. ಹೆಣ್ಮಕ್ಕಳು ನಕ್ಕೋತ ಮನಿಗೆ ಹೋಗಲಿ." ನಾನು ಹಂಗ ಹೇಳಿದೆ. ಹೆಣ್ಮಕ್ಕಳು ಕಣ್ಣು ಒರಸಿಕೊಂಡು ನಗತಿದ್ರು. ಗಿರಿಜಾ ಎರಡನೇ ಸಲ ನೋಡಾಕ ಬಂದ್ಲು, ಮೂರನೇ ಸಲಾನೂ ಬಂದ್ಲು.

"ನೀಲಕ್ಕ, ಅಂವ ಖರೇನ ಬಂದ್ನಾ?" ಅಂತ ನನ್ನ ಸೆರಗು ಹಿಡದು ಕೇಳಿದ್ಲು.

"ಬಂದ ಅಂತ ಮಾಲಕರು ಹೇಳ್ಯಾರವ್ವಾ."

"ಬರಬೇಕ ಬಿಡು. ಆಕಿ ಖರೇನ ಹೋಗಿ ಕುಂತಳಲ್ಲ, ಅದಕ್ಕ ಬಂದ. ಮನ್ಯಾಗ ಕುಂತು ಅತ್ರ ಯಾರು ಬರ್ತಾರ?"

ನನಗ ಆ ಮಾತಿನ ಅರ್ಥ ಆವಾಗ ಹೊಳೀಲಿಲ್ಲ. ಒಂದು ಮುಂಜಾನೆ ಎಲಿ ಪೆಂಡಿ ಹೇರಿಕೊಂಡು ಯಲವಿಗಿಗೆ ಹೊಂಟ ಚಕ್ಕಡಿ ನಮ್ಮ ಸಾಲಿನ ಮುಂದ ನಿಂತಿತು. ಗಿರಿಜಾ ಲಗ್ನದ ಇಲಕಲ್ ಸೀರಿ ಉಟಗೊಂಡು, ಗಂಟು ಹಿಡದು ಹತ್ತಿ ಕುಂತ್ಲು. "ಯಲವಿಗಿಗೆ ಹೋಗ್ತೇನಿ. ಅವರಿಗೆ ಹೇಳು, ನೀಲಕ್ಕ. ಸ್ಟೇಶನ್ನಿನ್ಯಾಗ ಇರ್ತೇನಿ ಅಂತ ಹೇಳು" ಅಂದ್ಲು. ಮಾರಿ ಮ್ಯಾಲ ಅಂಜಿಕಿ ಇರಲಿಲ್ಲ, ಜಾತ್ರಿಗೆ ಹೊಂಟಾಕಿ ಇದ್ದಂಗ ಇದ್ಲು.

ನಾ ಓಡಿಕೋತ ಅಂಗಡಿಗೆ ಹೋದೆ. ಚನ್ನಪ್ಪ ಬರಕೋತ ಕುಂತಿದ್ರು. ಹೇಳಿದೆ. ಅವರ ಕೈ ನಿಂತಿತು. ಏಳತಾರ ಅಂತ ನಾ ಬಾಗಲಾ ಬಿಟ್ಟು ಬಾಜೂಕ ಸರದೆ. ಅವರು ಏಳಲಿಲ್ಲ.

"ಬರ್ತಾಳ ಬಿಡ್ರಿ. ಹಸದ ಹೊಟ್ಟಿ ಮನಿ ದಾರಿ ತಾನ ಹುಡುಕ್ತೈತಿ" ಅಂದ್ರು.

ಅದು ಚನ್ನಪ್ಪನ ಮಾತಲ್ಲ, ಗುರುಸಿದ್ದಪ್ಪನ ಮಾತು. ತಾಡಪತ್ರಿ ಆ ಕಡೆಯಿಂದ ದಿನಾ ನನ್ನ ಕಿವಿಗೆ ಬೀಳ್ತಿತ್ತು, ಗಂಡಸರು ಹೋ ಅಂತ ಚಪ್ಪಾಳಿ ಹೊಡೀತಿದ್ರು. ಗದ್ದಲದಾಗ ಅದರ ಹಿಂದಿನ ಕಥಿ ನಾ ಕೇಳಿರಲಿಲ್ಲ. ಮಾಲಕರು ಅವಗ ನಿನಗ ತಿಳದಂಗ ಮುಗಸು ಅಂದಿದ್ರಂತ. ಅಂವ ಮುಗಸಿದ್ದು ಹಿಂಗ ಅಂತ ನನಗ ಆಮ್ಯಾಲ ಗೊತ್ತಾತು: ಗಂಡ ಅರ್ಧ ದಾರಿಯಿಂದ ಶಾಣ್ಯಾ ಆಗಿ ತಿರುಗ್ತಾನ, ಹೆಂಡತಿ ಹಸದು ತಾನ ಬಂದು ಕಾಲಿಗೆ ಬೀಳ್ತಾಳ. ಚನ್ನಪ್ಪನೂ ಅದನ್ನ ಮೂರು ಸಲ ಕೇಳಿದ್ರು.

"ಅದು ಪಿಕ್ಚರಿನ್ಯಾಗ ಇಲ್ರಿ. ಗುರುಸಿದ್ದಪ್ಪ ಕಟ್ಟಿ ಹೇಳಿದ್ದು" ಅಂದೆ.

"ಮತ್ತ ಪಿಕ್ಚರಿನ್ಯಾಗ ಏನೈತಿ?"

"ಗಂಡ ಸ್ಟೇಶನ್ನಿಗೆ ಬರ್ತಾನ್ರಿ."

"ನೀವು ನೋಡೀರೇನು?"

ನೋಡಿರಲಿಲ್ಲ. "ನೋಡಿಲ್ರಿ, ಆದ್ರ ಆಕಿ ನಿಮ್ಮ ದಾರಿ ನೋಡಾಕತ್ತಾಳ, ಅದು ಖರೇ ಐತಿ. ಏಳ್ರಿ" ಅಂತ ಕೈ ಮುಗದೆ. ಚನ್ನಪ್ಪ ತಲಿ ತಗ್ಗಿಸಿ ಬರಿಯಾಕ ಹತ್ತಿದ್ರು. ಗುರುಸಿದ್ದಪ್ಪನ ಮಾತು ಕೇಳಿ ಅವರು ಕುಂತ್ರು ಅಂತ ನಾ ಹೇಳಂಗಿಲ್ಲ. ಕುಂಡ್ರಾಕ ಅವರಿಗೆ ಒಂದು ನೆವ ಬೇಕಾಗಿತ್ತು, ನಮ್ಮ ಡೇರೆಯೊಳಗ ಸಿಕ್ಕಿತು.

ಮರುದಿನ ಚಕ್ಕಡಿ ಹೊಡಿಯೂ ಇಮಾಮಸಾಬ ತಿರುಗಿ ಬಂದು ಹೇಳಿದ: ತಂಗಿ ಬಾಕಿನ ಮ್ಯಾಲ ಕುಂತಾಳ, ಹುಬ್ಬಳ್ಳಿ ಕಡೆ ಗಾಡಿ ಬರ್ತಾವ, ಹೋಗ್ತಾವ, ಹತ್ತವಲ್ಲಳು, ನಮ್ಮೂರಿನ ದಾರೀನ ನೋಡಾಕತ್ತಾಳ ಅಂತ. ಚನ್ನಪ್ಪ ಅದನ್ನ ಕೇಳಿ "ಹತ್ತಂಗಿಲ್ಲ ಆಕಿ, ನನಗ ಗೊತ್ತೈತಿ" ಅಂದ್ರು. ನನಗ ಅವರ ಮಾರಿ ನೋಡಾಕ ಆಗಲಿಲ್ಲ. ಅದರ ಮರುದಿನ ಖಾಲಿ ಚಕ್ಕಡ್ಯಾಗ ಗಿರಿಜಾ ತಿರುಗಿ ಬಂದ್ಲು. ಇಲಕಲ್ ಸೀರಿ ತುಂಬ ಇಂಜಿನ್ನಿನ ಮಸಿ. ಚನ್ನಪ್ಪ ಬಾಗಲದಾಗ ನಿಂತು "ಬಂದ್ಯಾ?" ಅಂದ್ರು. ಕೈಕಾಲಿಗೆ ನೀರು ತಂದುಕೊಟ್ರು. ಬೈಲಿಲ್ಲ, ಹೊಡೀಲಿಲ್ಲ. ಆಕಿ ಕಾಲು ತೊಳಕೊಂಡು ಒಳಗ ಹೋದ್ಲು.

ನಾ ಗ್ವಾಡಿಗೆ ಕಿವಿ ಹಚ್ಚಿ ಕುಂತೆ. ಜಗಳ ಆಗಲಿ ಅಂತ ಬೇಡಿಕೊಂಡೆ. ಆಗಲಿಲ್ಲ. ರೊಟ್ಟಿ ಬಡಿಯೂ ಸಪ್ಪಳ ಕೇಳಿತು, ಅಷ್ಟ. ಆ ಸಪ್ಪಳದ ಮ್ಯಾಲ ಹಾಡು ಇರಲಿಲ್ಲ, ಮುಂದೂ ಬರಲಿಲ್ಲ. ಮುಂದಿನ ಪಿಕ್ಚರಿಗೆ ಬೋರ್ಡು ಬರದುಕೊಡ್ರಿ ಅಂತ ಮಾಲಕರು ಕೇಳಿದ್ರ ಚನ್ನಪ್ಪನೂ ಒಲ್ಲೆ ಅಂದ್ರು. ಡೇರೆ ಕೀಳೂದ್ರಾಗ ಅವರಿಬ್ಬರೂ ಬಾವಿ ಮನಿಗೆ ಹೋಗಿದ್ರು.

ಆಮ್ಯಾಲ ಅಕ್ಕಿಆಲೂರು, ಹಾನಗಲ್ಲು, ಹಿರೇಕೆರೂರು, ಹೀಂಗ ತಿರಗತಿರಗತ ವರ್ಷ ಹೋದುವು. ರಾಚಪ್ಪ ಮಾಲಕರು ತೀರಿಕೊಂಡ್ರು, ಡೇರೆ ಇನ್ನೊಬ್ಬರ ಕೈಗೆ ಹೋತು. ಹೊಸ ಮಾಲಕ ಎರಡು ಮಷೀನು ತಂದ. ಒಂದು ರೀಲು ಮುಗಿಯೂದ್ರಾಗ ಇನ್ನೊಂದು ಸುರು, ನಡುವ ದೀಪಾ ಇಲ್ಲ, ಕಥಿ ಹೇಳಾವ್ರೂ ಬ್ಯಾಡ. ಗುರುಸಿದ್ದಪ್ಪ ಊರಿಗೆ ಹೋದ. ನನ್ನನ್ನ ಬಾಗಲಕ್ಕ ಇಟಗೊಂಡ್ರು. ತಾಡಪತ್ರಿ ಮಾತ್ರ ನಡುವ ಹಂಗ ಇತ್ತು.

ಸ್ವಾತಂತ್ರ್ಯ ಬಂದ ಮ್ಯಾಲ ಒಂದು ಸಲ ಸವಣೂರಾಗ ಡೇರೆ ಹೊಡದಾಗ ಅದ ಪಿಕ್ಚರು ಮತ್ತ ಬಂತು. ಹಳೇ ಮಷೀನಿನಾಂವ ಹೊಸ ಕಂಪನ್ಯಾಗೂ ಇದ್ದ. "ಈ ಸಲ ಕಡೀ ರೀಲು ಚಲೋ ಐತೇನು?" ಅಂತ ಅವನ್ನ ಕೇಳಿದೆ.

"ಆವಾಗೂ ಚಲೋ ಇತ್ತು, ನೀಲವ್ವ. ಶಿಗ್ಗಾಂವಿಯೊಳಗ ಅದನ್ನ ನೋಡಿ ಮಂದಿ ಗದ್ದಲಾ ಮಾಡಿದ್ರು, ಅದಕ್ಕ ಮಾಲಕರು ತೆಗಿಸಿದ್ರು. ಹೆಂಡತಿ ಅತ್ರ ನಡೀತೈತಿ, ಸತ್ರೂ ನಡೀತೈತಿ, ಒಬ್ಬಾಕೀನ ಹೋಗಿ ಬದುಕಿದ್ಲು ಅಂತ ತೋರಿಸಿದ್ರ ಊರ ಮಂದಿ ಡೇರೆಗೆ ಬೆಂಕಿ ಹಚ್ಚತಾರ ಅಂದ್ರು."

ಅವತ್ತ ಮದಲನೇ ಆಟಕ್ಕ ಗಿರಿಜಾ ಬಂದ್ಲು. ಮುಂಗೂದಲ ಬೆಳ್ಳಗಾಗಿತ್ತು. ಚನ್ನಪ್ಪ ಕೋಟು ಹಾಕ್ಕೊಂಡು ಗಂಡಸರ ಬಾಗಲಕ್ಕ ಹೋದ್ರು. ಜಾಗಾ ಇಲ್ಲವ್ವ, ತಿರುಗಿ ಹೋಗು ಅಂತ ಹೇಳೂಣೇನು ಅನಿಸ್ತು. ನಾಲಿಗಿ ತುದಿಗೆ ಬಂದಿತ್ತು. ಆದ್ರ ಆಕಿ ಏನು ನೋಡಬೇಕು, ಎಲ್ಲಿಗೆ ನಿಲ್ಲಿಸಬೇಕು ಅಂತ ಬ್ಯಾರೆಯವರು ಠರಾಯಿಸಿದ್ದು ಸಾಕಾಗಿತ್ತು. ಒಳಗ ಬಿಟ್ಟೆ. ನಾನೂ ಆಕಿ ಬಾಜೂಕ ಕುಂತೆ.

ಬಾಕಿನ ಮ್ಯಾಲ ಹೆಂಡತಿ ಕುಂತ್ಲು. ಗಂಡ ರಸ್ತೇಕ ಬಂದ. ಪಿಕ್ಚರು ನಿಲ್ಲಲಿಲ್ಲ. ಗಂಡ ಹಂಗ ರಸ್ತೇದಾಗ ನಿಂತ. ಗಾಡಿ ಬಂತು. ಆಕಿ ಒಮ್ಮೆ ಹಿಂದ ತಿರುಗಿ ನೋಡಿ ಹತ್ತಿದ್ಲು. ಯಾವುದೋ ಊರು, ಸಣ್ಣ ಖೋಲಿ, ಸೀರಿಗೆ ತ್ಯಾಪಿ, ಮುಂದ ನಾಕು ಮಂದಿ ಕುಂತಾರ. ಆಕಿ ಹಾಡಾಕತ್ಲು. ದೊಡ್ಡ ಹಾಡಲ್ಲ, ದೊಡ್ಡ ಮಂದೀನೂ ಅಲ್ಲ. ಹಾಡು ಮುಗೀತು, ಪಿಕ್ಚರು ಮುಗೀತು.

ಮಂದಿ ಎದ್ದು ಹೋದ್ರು. ಗಿರಿಜಾ ಏಳಲಿಲ್ಲ. ಬಿಳೇ ಪಡದೆ ನೋಡಿಕೋತ ಸಣ್ಣ ದನಿಯಿಂದ ಅಂದ್ಲು: "ಅವತ್ತು ಯಲವಿಗಿಯೊಳಗ ಮುಂಜಾನಿ ಗಾಡಿ ನನ್ನ ಮುಂದ ನಿಂತಿತ್ತು, ನೀಲಕ್ಕ. ಡಬ್ಬಿ ಬಾಗಲಾ ತಗದಿತ್ತು. ಗಾರ್ಡ್ ಬಂದು, ಹತ್ತೀಯೇನವ್ವಾ, ಗಾಡಿ ಬಿಡ್ತೈತಿ ಅಂದ. ನಮ್ಮವರು ಬರೂದೈತ್ರಿ ಅಂದೆ."

ನಾ ಆಕಿ ಕೈ ಹಿಡಕೊಂಡೆ.

ಹೆಣ್ಮಕ್ಕಳ ಬಾಗಲಕ್ಕ ಚನ್ನಪ್ಪ ಬಂದು ನಿಂತಿದ್ರು. ಆ ಸಲ ನಡುವ ಕಥಿ ಹೇಳಾವ್ರು ಯಾರೂ ಇರಲಿಲ್ಲ. ಗಂಡ-ಹೆಂಡತಿ ಮದಲನೇ ಸಲ ಒಂದ ಪಿಕ್ಚರು ನೋಡಿದ್ರು. "ನಡಿ" ಅಂದ್ರು ಚನ್ನಪ್ಪ.

"ನೀವು ಮುಂದ ನಡೀರಿ. ನಾ ಬರ್ತೇನಿ" ಅಂದ್ಲು ಗಿರಿಜಾ.

ಚನ್ನಪ್ಪ ಮುಂದ ನಡೀಲಿಲ್ಲ. ಬರ್ತಾಳ ಬಿಡ್ರಿ ಅಂತ ಅವತ್ತು ಅಂಗಡ್ಯಾಗ ಕುಂತಿದ್ದ ಮನಶಾ, ಈಗ ನನ್ನ ಬಾಗಲದ ಗೂಟಾ ಹಿಡಕೊಂಡು, ಆಕಿ ಎದ್ದು ಸೀರಿ ಜಾಡಿಸಿ ಚಪ್ಪಲಿ ಮೆಟ್ಟೂತನಕ ಒಂದು ಹೆಜ್ಜಿ ಅತ್ತಿತ್ತ ಸರೀಲಿಲ್ಲ. ಅವರು ಅಷ್ಟು ಅಂಜಿದ್ದು ನಾ ನೋಡಿರಲಿಲ್ಲ. ಅಂಜೂ ಕಾರಣ ಇರಲಿಲ್ಲ. ಗಿರಿಜಾ ಅವರ ಹಿಂದಿಂದ ಬಾವಿ ಮನಿ ಕಡೆ ನಡದ್ಲು.

ಹುಡುಗ್ಯಾರಾ, ನಿಮಗ ಇಷ್ಟು ಹೇಳಾಕ ಇದೆಲ್ಲಾ ಬರದೆ. ನಿಮ್ಮ ಥೇಟರಿನ್ಯಾಗ ಮಂದಿ ಹೊರಬೀಳಾಕ ಹಗರಾಗಲಿ ಅಂತ ಪಿಕ್ಚರು ಮುಗಿಯೂಕಿಂತ ಮದಲ ಬಾಗಲಾ ತಗದು ಅದರ ಪಡದೇ ಸರಸ್ತೀರಿ, ನೋಡೇನಿ. ಬೆಳಕು ಬಿದ್ದ ಕೂಡಲೇ ಹೆಣ್ಮಕ್ಕಳು ಕೂಸು ಎತ್ತಿಕೊಂಡು ಎದ್ದುಬಿಡ್ತಾರ. ಹಂಗ ಮಾಡಬ್ಯಾಡ್ರಿ. ಕಡೀ ರೀಲು ಪೂರಾ ಓಡಲಿ, ಆಮ್ಯಾಲ ಬಾಗಲಾ ತಗೀರಿ.